ಜ್ವರ ಕೆಮ್ಮಿನ ಲೆಕ್ಕ ನಮಗೆ ಯಾಕೆ ಬೇಕು?

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ. ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಅಚ್ಚು ಮಾಡಲಾಗಿದೆ.)



ಸಂಘ ಹುಟ್ಟಿ ಬೆಳೆದ ಕಥೆ ಹೇಳೋದಕ್ಕೆ ನನಗಿಂತ ಹಿರಿಯರು ಇಲ್ಲಿದ್ದಾರೆ. ಅಧ್ಯಕ್ಷರು "ನೀನು ಆರೋಗ್ಯದ ಬಗ್ಗೆ ಎರಡು ಮಾತು ಆಡಪ್ಪ" ಅಂತ ಅಪ್ಪಣೆ ಮಾಡಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ. ಮಾತ್ರೆ, ಇಂಜೆಕ್ಷನ್ ವಿಚಾರ ಹೇಳೋದು ನನ್ನ ಕೆಲಸವಲ್ಲ, ಅದಕ್ಕೆ ಡಾಕ್ಟರು ಇದ್ದಾರೆ. ಆದರೆ ಲೆಕ್ಕ ಇಡೋ ವಿಚಾರ ಸಂಘದವರಾದ ನಮಗೆಲ್ಲ ಗೊತ್ತು. ಅದಕ್ಕೇ ನಾನು ಇವತ್ತು ವರ್ಷ ವರ್ಷ ಬರುವ ಜ್ವರ ಕೆಮ್ಮಿನ ಲೆಕ್ಕದ ಬಗ್ಗೆ ಮಾತಾಡ್ತೇನೆ. ಇದರಿಂದ ಎಷ್ಟು ಜನ ಆಸ್ಪತ್ರೆ ಸೇರ್ತಾರೆ, ಎಷ್ಟು ಜನ ತೀರಿಕೊಳ್ತಾರೆ, ಆ ಲೆಕ್ಕ ಯಾರು ಇಡ್ತಾರೆ, ಅದರೊಳಗೆ ನಮ್ಮ ಊರಿನವರು ಸೇರಿದ್ದಾರೋ ಇಲ್ಲವೋ, ಇಷ್ಟೇ ನನ್ನ ವಿಷಯ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಕಾಗದ ಪತ್ರ ತೋರಿಸಿ ವಿವರಿಸಿದ್ದನ್ನೂ, ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಹೇಳ್ತಿದ್ದೇನೆ.

ಮೊದಲು ಕಾಯಿಲೆ ಯಾವುದು ಅಂತ ನೋಡೋಣ. ನಾವು ನೆಗಡಿ, ಶೀತಜ್ವರ, ಮೈಕೈ ನೋವು ಅಂತ ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಹತ್ತಾರು ಬಗೆಯ ವೈರಸ್‌ಗಳಿವೆ. ಅವುಗಳಲ್ಲಿ ಜೋರಾದದ್ದು ಇನ್‌ಫ್ಲುಯೆಂಜಾ. 2009ರಲ್ಲಿ "ಹಂದಿಜ್ವರ" ಅಂತ ಊರೂರಲ್ಲಿ ಗಾಬರಿ ಎಬ್ಬಿಸಿತಲ್ಲ, ಆ ಎಚ್1ಎನ್1 ಕೂಡ ಇನ್‌ಫ್ಲುಯೆಂಜಾನೇ. ಅದು ಆ ವರ್ಷ ಬಂದು ಹೋಗಿಬಿಡಲಿಲ್ಲ, ಇಲ್ಲೇ ಉಳಿದು ಋತುಮಾನದ ಜ್ವರವಾಯಿತು. ಅದರ ಅಣ್ಣತಮ್ಮ ಎಚ್3ಎನ್2. ನಮ್ಮ ದೇಶದಲ್ಲಿ ಇದಕ್ಕೆ ವರ್ಷಕ್ಕೆ ಎರಡು ಕಾಲ. ಜನವರಿಯಿಂದ ಮಾರ್ಚ್‌ವರೆಗೆ ಒಂದು, ಮಳೆಗಾಲ ಕಳೆಯುವಾಗ ಇನ್ನೊಂದು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಸಂಕ್ರಾಂತಿಯಿಂದ ಯುಗಾದಿವರೆಗೆ ಒಂದು ಸುತ್ತು, ಗಣೇಶನ ಹಬ್ಬದಿಂದ ದಸರೆ ಕಡೆಗೆ ಇನ್ನೊಂದು ಸುತ್ತು. ಹೆಚ್ಚಿನವರಿಗೆ ವಾರದಲ್ಲಿ ವಾಸಿಯಾಗುತ್ತದೆ. ವಯಸ್ಸಾದವರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ, ಬಸುರಿ ಹೆಂಗಸರಿಗೆ, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಇದು ಎದೆಗೆ ಇಳಿದು ಪ್ರಾಣಕ್ಕೆ ಬರಬಹುದು.

ಈಗ ಲೆಕ್ಕ ಇಡುವವರು ಯಾರು ಅಂತ ಹೇಳ್ತೇನೆ. 2004ರಲ್ಲಿ ಕೇಂದ್ರ ಸರ್ಕಾರ ಸಮಗ್ರ ರೋಗ ಕಣ್ಗಾವಲು ಯೋಜನೆ ಶುರು ಮಾಡಿತು. ಐ.ಡಿ.ಎಸ್.ಪಿ. ಅಂತ ಅದನ್ನು ಕರೀತಾರೆ. ಇದರಲ್ಲಿ ಮೂರು ನಮೂನೆ. 'ಎಸ್' ನಮೂನೆ ಉಪಕೇಂದ್ರದ ನರ್ಸಮ್ಮನವರದು. ಯಾರ ಮನೆಯಲ್ಲಿ ಜ್ವರ, ಯಾರಿಗೆ ಕೆಮ್ಮು ಅಂತ ಲಕ್ಷಣ ನೋಡಿ ಬರೆಯೋದು. 'ಪಿ' ನಮೂನೆ ಡಾಕ್ಟರದು. ರೋಗಿಯನ್ನು ನೋಡಿ ಇಂಥ ಕಾಯಿಲೆ ಇರಬಹುದು ಅಂತ ಬರೆಯೋದು. 'ಎಲ್' ನಮೂನೆ ಪ್ರಯೋಗಾಲಯದ್ದು. ಪರೀಕ್ಷೆ ಮಾಡಿ ಖಾತ್ರಿ ಮಾಡೋದು. ಮೊದಲು ಇದು ವಾರಕ್ಕೊಮ್ಮೆ ಕಾಗದದಲ್ಲಿ ಹೋಗ್ತಿತ್ತು. 2018ರ ನವೆಂಬರ್‌ನಲ್ಲಿ ಕಂಪ್ಯೂಟರ್ ವ್ಯವಸ್ಥೆ ಬಂದಾಗ ಮೊದಲ ಹಂತದ ಏಳು ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು.

ನಮ್ಮ ಸಂಘದಲ್ಲೂ ಇದೇ ಕ್ರಮ ಅಲ್ಲವೇ? ಕ್ಯಾನಿನ ಹಾಲು ನೋಡಿ, ವಾಸನೆ ನೋಡಿ ಒಂದು ಅಂದಾಜು. ಆಮೇಲೆ ಲ್ಯಾಕ್ಟೋಮೀಟರ್. ಆಮೇಲೆ ಸ್ಯಾಂಪಲ್ ತೆಗೆದು ಯಂತ್ರದಲ್ಲಿ ಫ್ಯಾಟ್, ಎಸ್.ಎನ್.ಎಫ್. ಮೂರು ಹಂತದಲ್ಲಿ ಒಂದೊಂದಕ್ಕೂ ಅದರದೇ ಬೆಲೆ. ಸ್ಯಾಂಪಲ್ಲೇ ಕೊಡದಿದ್ದರೆ ಯಂತ್ರ ಎಷ್ಟು ಒಳ್ಳೆಯದಿದ್ದರೂ ಏನು ತೋರಿಸೀತು?

ಒಂದು ನಿಜವಾದ ಲೆಕ್ಕವನ್ನೇ ತಮ್ಮ ಮುಂದೆ ಇಡ್ತೇನೆ. 2023ರ ಮಾರ್ಚ್ 10ರಂದು ಕೇಂದ್ರ ಆರೋಗ್ಯ ಸಚಿವಾಲಯ ಪ್ರಕಟಣೆ ಹೊರಡಿಸಿತು. ಅದರ ಪ್ರಕಾರ ಆ ಫೆಬ್ರವರಿ ಒಂದೇ ತಿಂಗಳಲ್ಲಿ ದೇಶದಲ್ಲಿ ಜ್ವರ ಕೆಮ್ಮು ಅಂತ ದಾಖಲಾದವರು 4,36,523 ಜನ. ಉಸಿರಾಟದ ತೊಂದರೆ ಜೋರಾಗಿ ಆಸ್ಪತ್ರೆಗೆ ಸೇರಿದವರು 6,919 ಜನ. ಅದೇ ತಿಂಗಳಲ್ಲಿ ಪ್ರಯೋಗಾಲಯದಲ್ಲಿ ಇನ್‌ಫ್ಲುಯೆಂಜಾ ಅಂತ ಖಾತ್ರಿಯಾದದ್ದು 1,307. ಎಚ್3ಎನ್2ನಿಂದ ಆಗಿದೆ ಅಂತ ಆವರೆಗೆ ಖಾತ್ರಿ ಮಾಡಿದ್ದ ಸಾವು ಎರಡು. ಒಂದು ಹರಿಯಾಣದಲ್ಲಿ, ಇನ್ನೊಂದು ನಮ್ಮ ಕರ್ನಾಟಕದಲ್ಲಿ, ಹಾಸನ ಜಿಲ್ಲೆಯ ಹಿರಿಯರೊಬ್ಬರದು.

ಈ ನಾಲ್ಕು ಅಂಕಿಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿ. ಮೇಲಿನದು ಲಕ್ಷಗಟ್ಟಲೆ, ಕೆಳಗಿನದು ಬರೀ ಎರಡು. ಪತ್ರಿಕೆಯಲ್ಲಿ ಕೊನೆಯ ಅಂಕಿ ಮಾತ್ರ ಓದಿದವನು "ಎರಡೇ ತಾನೇ, ಏನು ಮಹಾ" ಅಂತ ಪೇಪರ್ ಮಡಚಿ ಇಡ್ತಾನೆ. ಆದರೆ ಆ ಎರಡು ಅನ್ನೋದು ಗಂಟಲ ದ್ರವ ತೆಗೆದು, ಲ್ಯಾಬಿಗೆ ಕಳಿಸಿ, ಫಲಿತಾಂಶ ಬಂದು, ಸಾವಿನ ಕಾರಣ ಪರಿಶೀಲಿಸಿ ಆದಮೇಲೆ ಬರೆದ ಎರಡು. ಇಷ್ಟೆಲ್ಲ ಆಗದೆ ಹೋದವರು ಆ ಅಂಕಿಯಲ್ಲಿ ಇಲ್ಲ. ಇನ್ನೊಂದು ಮಾತು. ಹಾಸನದ ಹಿರಿಯರು ತೀರಿಕೊಂಡದ್ದು ಮಾರ್ಚ್ 1ಕ್ಕೆ, ದೇಶಕ್ಕೆ ತಿಳಿದದ್ದು 10ಕ್ಕೆ. ಲೆಕ್ಕ ಯಾವಾಗಲೂ ಜ್ವರದ ಹಿಂದೆ ಹಿಂದೆಯೇ ನಡೆದು ಬರುತ್ತದೆ. "ಈ ವಾರ ಸಾವು ಇಲ್ಲ" ಅಂತ ಬಂದರೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ, ಇನ್ನೂ ಬರೆದಿಲ್ಲ ಅಂತಲೂ ಇರಬಹುದು.

ಇನ್ನೊಂದು ಲೆಕ್ಕ ನೋಡಿ. 2015ರಲ್ಲಿ ಎಚ್1ಎನ್1 ದೇಶದಲ್ಲೆಲ್ಲ ಜೋರಾಗಿತ್ತು. ಸರ್ಕಾರದ ದಾಖಲೆಯಲ್ಲಿ 42,592 ಪ್ರಕರಣ, 2,990 ಸಾವು. ಭಾಗಿಸಿ ನೋಡಿದರೆ ನೂರಕ್ಕೆ ಏಳು ಬರುತ್ತದೆ. ಹಾಗಾದರೆ ಈ ಜ್ವರ ಬಂದ ನೂರು ಜನರಲ್ಲಿ ಏಳು ಜನ ಸಾಯ್ತಾರಾ? ಇಲ್ಲ. ಹೆದರಬೇಡಿ. ಸರ್ಕಾರದ ಸೂಚನೆ ಪ್ರಕಾರ ರೋಗಿಗಳನ್ನು ಎ, ಬಿ, ಸಿ ಅಂತ ಮೂರು ವಿಭಾಗ ಮಾಡ್ತಾರೆ. ಎ ಅಂದರೆ ಸಾಮಾನ್ಯ ಜ್ವರ ಕೆಮ್ಮು. ಬಿ ಅಂದರೆ ಜ್ವರ ಜೋರು, ಇಲ್ಲವೇ ವಯಸ್ಸು, ಸಕ್ಕರೆ ಕಾಯಿಲೆ ಇಂಥದ್ದು ಜೊತೆಗಿದೆ. ಈ ಎರಡು ವಿಭಾಗಕ್ಕೂ ಲ್ಯಾಬ್ ಪರೀಕ್ಷೆ ಬೇಕಿಲ್ಲ. ಸಿ ಅಂದರೆ ಉಸಿರಾಟ ಕಷ್ಟ, ಆಸ್ಪತ್ರೆಗೆ ಸೇರಿಸಲೇಬೇಕು. ಪರೀಕ್ಷೆ ಮಾಡೋದು ಮುಖ್ಯವಾಗಿ ಇವರಿಗೆ. ಅಂದಮೇಲೆ 42 ಸಾವಿರ ಅನ್ನೋದು ಹೆಚ್ಚಾಗಿ ಜೋರಾದವರ ಲೆಕ್ಕ. ವಾಸಿಯಾಗಿ ಹೊಲಕ್ಕೆ ಹೋದವರು ಅದರಲ್ಲಿ ಬಂದಿಲ್ಲ. 2021ರಲ್ಲಿ ಅದೇ ದಾಖಲೆಯಲ್ಲಿ 778 ಪ್ರಕರಣ, 12 ಸಾವು ಮಾತ್ರ. ಆಗ ಕೊರೊನಾ ಕಾಲ. ಮಾಸ್ಕ್ ಇತ್ತು, ಜಾತ್ರೆ ಸಂತೆ ಕಡಿಮೆ ಇತ್ತು, ಅದರಿಂದ ಜ್ವರವೂ ತಗ್ಗಿತ್ತು. ಜೊತೆಗೆ ಲ್ಯಾಬುಗಳೆಲ್ಲ ಕೊರೊನಾ ಪರೀಕ್ಷೆಯಲ್ಲಿ ಮುಳುಗಿದ್ದವು. 2024ರಲ್ಲಿ ಮತ್ತೆ 20,414 ಪ್ರಕರಣ, 347 ಸಾವು. ಆದ್ದರಿಂದ ಅಂಕಿ ನೋಡಿದಾಗ "ಎಷ್ಟು ಜನರನ್ನು ಪರೀಕ್ಷೆ ಮಾಡಿದ್ದಾರೆ, ಯಾರನ್ನು ಮಾಡಿದ್ದಾರೆ" ಅಂತ ಕೇಳಿಕೊಂಡು ಓದಬೇಕು.

ಹಾಗಾದರೆ ಪರೀಕ್ಷೆ ಆಗದೆ ಹೋದವರ ಲೆಕ್ಕ ಹ್ಯಾಗೆ ಹಿಡೀತಾರೆ? ಇದಕ್ಕೆ ಹಳೆಯ ಉಪಾಯ ಒಂದಿದೆ. 1847ರಲ್ಲಿ ಲಂಡನ್ನಿನಲ್ಲಿ ಇನ್‌ಫ್ಲುಯೆಂಜಾ ಬಂದಾಗ ವಿಲಿಯಂ ಫಾರ್ ಎಂಬುವರು ಸಾವಿನ ನೋಂದಣಿ ಪುಸ್ತಕ ಮುಂದಿಟ್ಟುಕೊಂಡು ಕೂತರು. ಮಾಮೂಲಿ ದಿನಗಳಲ್ಲಿ ಎಷ್ಟು ಸಾವು, ಜ್ವರದ ವಾರಗಳಲ್ಲಿ ಎಷ್ಟು ಸಾವು ಅಂತ ಕಳೆದು ನೋಡಿದರು. ಹೆಚ್ಚಾದದ್ದೆಲ್ಲ ಈ ಜ್ವರದ ಖಾತೆಗೆ ಸೇರಬೇಕು ಅಂದರು. ನಮ್ಮ ಕಾರ್ಯದರ್ಶಿಗಳೂ ಇದನ್ನೇ ಮಾಡ್ತಾರೆ. ದಿನಾ ಬರುವ ಹಾಲಿಗಿಂತ ಒಂದು ಬೀದಿಯಿಂದ ಮೂವತ್ತು ಲೀಟರ್ ಕಡಿಮೆ ಬಂತು ಅಂದರೆ, ಯಾರೂ ಹೇಳದಿದ್ದರೂ "ಆ ಕಡೆ ದನಕ್ಕೆ ಏನೋ ಆಗಿದೆ, ನೋಡ್ರಪ್ಪ" ಅಂತಾರೆ.

ಇದೇ ದಾರಿಯಲ್ಲಿ ನಮ್ಮ ದೇಶದ 2010ರಿಂದ 2013ರವರೆಗಿನ ಸಾವಿನ ದಾಖಲೆಗಳನ್ನು ತಜ್ಞರು ಪರಿಶೀಲಿಸಿದ್ದಾರೆ. ಇನ್‌ಫ್ಲುಯೆಂಜಾದ ನಂಟಿನಿಂದ ಉಸಿರಾಟ ಮತ್ತು ರಕ್ತ ಸಂಚಾರದ ತೊಂದರೆಯಾಗಿ ಆಗುವ ಸಾವು ವರ್ಷಕ್ಕೆ ಸರಾಸರಿ ಸುಮಾರು 1 ಲಕ್ಷ 27 ಸಾವಿರ ಅಂತ ಅವರ ಅಂದಾಜು. ಅಂದಾಜು ಅಂದಮೇಲೆ ಹೆಚ್ಚು ಕಡಿಮೆ ಇರುತ್ತದೆ. ಆದರೆ ಅದೇ ಅವಧಿಯ 2012ರಲ್ಲಿ ಎಚ್1ಎನ್1 ಅಂತ ಖಾತ್ರಿಯಾಗಿ ದಾಖಲಾದ ಸಾವು 405, 2013ರಲ್ಲಿ 699. ಎಲ್ಲಿ ನೂರುಗಳು, ಎಲ್ಲಿ ಲಕ್ಷ! ಎರಡೂ ಒಂದೇ ಬಗೆಯ ಲೆಕ್ಕವಲ್ಲ, ನಿಜ. ಒಂದು ಪರೀಕ್ಷೆಯಾದ ಒಂದೇ ತಳಿಯದು, ಇನ್ನೊಂದು ಎಲ್ಲ ತಳಿ ಸೇರಿದ ಅಂದಾಜು. ಆದರೂ ನಡುವೆ ಇರುವ ಕಂದಕ ಎಷ್ಟು ದೊಡ್ಡದು ಅಂತ ತಾವೇ ಯೋಚಿಸಿ. ಆ ಕಂದಕದಲ್ಲಿ ಇರುವವರು ನಮ್ಮಂಥ ಹಳ್ಳಿಯವರು.

ಹೋದ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ತೀರಿಕೊಂಡರು. ಅವರ ಮನೆಯವರು ಇಲ್ಲೇ ಕೂತಿದ್ದಾರೆ, ಅವರನ್ನು ಕೇಳಿಯೇ ಈ ಮಾತು ಆಡ್ತಿದ್ದೇನೆ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ನಾಲ್ಕು ದಿನ ಜ್ವರ, ಕೆಮ್ಮು. ಮಳೆಯಲ್ಲಿ ನೆಂದದ್ದು ಅಂತ ಕಷಾಯ ಕುಡಿದುಕೊಂಡು ಹಾಲೂ ಹಾಕಿ ಬಂದರು. ಐದನೇ ದಿನ ಏದುಸಿರು. ಪಟ್ಟಣದ ಆಸ್ಪತ್ರೆಗೆ ಸೇರಿಸಿದ ಮೂರನೇ ದಿನಕ್ಕೆ ಹೋದರು. ಅದೇ ಹದಿನೈದು ದಿನದಲ್ಲಿ ಅವರ ಮೊಮ್ಮಗುವಿಗೆ, ಪಕ್ಕದ ಮನೆಯ ಇಬ್ಬರಿಗೆ ಅದೇ ಜ್ವರ ಬಂದಿತ್ತು. ಗಂಟಲ ದ್ರವ ಪರೀಕ್ಷೆಗೆ ಹೋಗಲಿಲ್ಲ. ಆಸ್ಪತ್ರೆ ಕಾಗದದಲ್ಲಿ "ಹೃದಯ ಸ್ತಂಭನ" ಅಂತ ಬರೆದರು. ಊರಲ್ಲಿ "ವಯಸ್ಸಾಗಿತ್ತು ಬಿಡಿ" ಅಂದರು. ಅದು ಯಾವ ಜ್ವರ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಾವ ನಮೂನೆಯಲ್ಲೂ ಅವರ ಸಾವು ಜ್ವರದ ಸಾವು ಅಂತ ಸೇರಿಲ್ಲ.

ಹೃದಯ ನಿಂತು ಸತ್ತರು ಅಂದರೆ ಏನು ಹೇಳಿದ ಹಾಗಾಯಿತು ಸ್ವಾಮಿ? ಯಾರೇ ಸತ್ತರೂ ಕೊನೆಗೆ ಹೃದಯ ನಿಂತೇ ನಿಲ್ಲುತ್ತದೆ. ಅದು ಯಾಕೆ ನಿಂತಿತು ಅನ್ನೋದು ಪ್ರಶ್ನೆ. ಸಾವಿನ ಕಾರಣ ಬರೆಯುವ ನಮೂನೆಯಲ್ಲಿ ಇದಕ್ಕೆಂದೇ ಸಾಲು ಸಾಲಾಗಿ ಜಾಗ ಇದೆ ಅಂತ ಡಾಕ್ಟರು ಹೇಳಿದರು. ಕೊನೆಗೆ ಏನಾಯಿತು, ಅದು ಯಾವುದರಿಂದ ಆಯಿತು, ಅದಕ್ಕೂ ಮೂಲ ಯಾವುದು ಅಂತ ಒಂದರ ಕೆಳಗೊಂದು ಬರೆಯಬೇಕು. ಸಕ್ಕರೆ ಕಾಯಿಲೆಯಂಥದ್ದು ಜೊತೆಗಿದ್ದರೆ ಅದಕ್ಕೆ ಬೇರೆ ಜಾಗ. ನಮ್ಮ ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿ ಬರೆದುಕೊಟ್ಟದ್ದು ನೂರಕ್ಕೆ 22.5 ಮಾತ್ರ.

ಈಗ ನಮ್ಮ ದನದ ವಿಚಾರಕ್ಕೆ ಬನ್ನಿ. ವಿಮೆ ಮಾಡಿಸಿದ ಹಸು ಸತ್ತರೆ ನಾವು ಏನು ಮಾಡ್ತೇವೆ? ಪಶುವೈದ್ಯರಿಗೆ ಓಡ್ತೇವೆ. ಕಿವಿಯ ಓಲೆ ಜೋಪಾನ ಮಾಡ್ತೇವೆ. ಮರಣೋತ್ತರ ಪರೀಕ್ಷೆ ಮಾಡಿಸಿ, ಇಂಥ ರೋಗದಿಂದ ಸತ್ತಿದೆ ಅಂತ ಸಹಿ ಮೊಹರು ಹಾಕಿಸ್ತೇವೆ. ಯಾಕೆಂದರೆ ಕಾರಣ ಬರೆಯದಿದ್ದರೆ ಹಣ ಬರೋಲ್ಲ. ಮನೆಯ ಯಜಮಾನ ಸತ್ತರೆ ಮಾತ್ರ "ವಯಸ್ಸಾಗಿತ್ತು" ಅಂತ ಒಂದೇ ಮಾತಿನಲ್ಲಿ ಮುಗಿಸ್ತೇವೆ. ಶಿವಮೊಗ್ಗ ಕಡೆಯ ಸಂಗತಿ ಒಂದು ಹೇಳ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯ್ತಾ ಇದ್ದದ್ದನ್ನು ಗಮನಿಸಿದ್ದರಿಂದಲೇ, ಜನರಿಗೆ ಬರುತ್ತಿದ್ದ ಜ್ವರ ಯಾವುದು ಅಂತ ಪುಣೆಯ ವಿಜ್ಞಾನಿಗಳಿಗೆ ದಾರಿ ಸಿಕ್ಕಿತು. ಅದೇ ಮಂಗನ ಕಾಯಿಲೆ. ಇವತ್ತಿಗೂ ಆ ಭಾಗದಲ್ಲಿ ಮಂಗ ಸತ್ತು ಬಿದ್ದಿದ್ದರೆ ಇಲಾಖೆಗೆ ತಿಳಿಸಿ ಅಂತಾರೆ. ಮಂಗನ ಸಾವು ಒಂದು ಸುದ್ದಿಯಾದರೆ ಮನುಷ್ಯನ ಸಾವೂ ಒಂದು ಸುದ್ದಿಯೇ ಅಲ್ಲವೇ?

"ಸತ್ತವರು ಸತ್ತರು, ಬರೆದರೆ ಎದ್ದು ಬರ್ತಾರಾ" ಅಂತ ಯಾರಾದರೂ ಕೇಳಬಹುದು. ಬರೋಲ್ಲ. ಆದರೆ ಇದ್ದವರಿಗೆ ಉಪಯೋಗ ಇದೆ. ಒಂದು ಊರಿನಲ್ಲಿ ವಾರಕ್ಕೆ ಹತ್ತು ಜ್ವರ ಇದ್ದದ್ದು ನಲವತ್ತಾಯಿತು ಅಂತ ಬರೆದು ಹೋದರೆ ಜಿಲ್ಲೆಯಿಂದ ತಂಡ ಬರುತ್ತದೆ, ಸ್ಯಾಂಪಲ್ ತೆಗೀತಾರೆ. ಯಾವ ಆಸ್ಪತ್ರೆಗೆ ಎಷ್ಟು ಆಮ್ಲಜನಕ, ಎಷ್ಟು ಒಸೆಲ್ಟಮಿವಿರ್ ಮಾತ್ರೆ ಬೇಕು ಅಂತ ತಿಳಿಯೋದು ಇದರಿಂದಲೇ. ಆ ಮಾತ್ರೆ ಜ್ವರ ಶುರುವಾದ ಎರಡು ದಿನದೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದ್ದರಿಂದ ದಾಸ್ತಾನು ಹತ್ತಿರವೇ ಇರಬೇಕು. ಲಸಿಕೆಯೂ ಹಾಗೆಯೇ. ಈ ವೈರಸ್ ವರ್ಷ ವರ್ಷ ವೇಷ ಬದಲಿಸುತ್ತದೆ. 1952ರಿಂದ ವಿಶ್ವ ಆರೋಗ್ಯ ಸಂಸ್ಥೆ ಬೇರೆ ಬೇರೆ ದೇಶಗಳ ಲ್ಯಾಬುಗಳನ್ನು ಜೋಡಿಸಿಕೊಂಡು ಯಾವ ತಳಿ ಓಡಾಡ್ತಿದೆ ಅಂತ ನೋಡ್ತಾ ಇದೆ. ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ, ಮುಂದಿನ ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಹೇಳುತ್ತದೆ. ಹಳ್ಳಿಯ ಒಬ್ಬ ರೋಗಿಯ ಗಂಟಲ ದ್ರವ ಕೂಡ ಈ ಸರಪಣಿಯಲ್ಲಿ ಒಂದು ಕೊಂಡಿಯಾಗಬಹುದು.

ಜನ ಮುಚ್ಚಿಡೋದಕ್ಕೆ ಒಂದು ಕಾರಣ ಇದೆ, ಅದನ್ನೂ ಬಿಚ್ಚಿ ಹೇಳಿಬಿಡ್ತೇನೆ. ಹೆಸರು ಬರೆಸಿದರೆ ಊರವರು ದೂರ ಮಾಡ್ತಾರೆ, ನಮ್ಮ ಮನೆ ಹಾಲು ಡೇರಿಯಲ್ಲಿ ಬೇಡ ಅಂತಾರೆ ಅನ್ನೋ ಭಯ. 2009ರಲ್ಲಿ ಹಂದಿಜ್ವರ ಅಂತ ಹೆಸರಿಟ್ಟು ಹೀಗೆ ಅನುಮಾನದಿಂದ ನೋಡಿದ್ದು ನೆನಪಿದೆ. ಈ ಜ್ವರ ಹರಡೋದು ಕೆಮ್ಮು ಸೀನಿನ ಹನಿಯಿಂದ, ಅದು ಹತ್ತಿದ ಕೈಯನ್ನು ಮೂಗು ಬಾಯಿಗೆ ಮುಟ್ಟಿಸೋದರಿಂದ. ಹಸುವಿನ ಹಾಲಿನಿಂದ ಅಲ್ಲ. ನಮ್ಮ ಹಾಲು ಡೇರಿಯಲ್ಲಿ ಕಾದು ಪಾಶ್ಚರೀಕರಣವಾಗಿಯೇ ಹೊರಗೆ ಹೋಗೋದು. ಅಪಾಯ ಇರೋದು ಹಾಲಿನಲ್ಲಲ್ಲ, ಬೆಳಿಗ್ಗೆ ಸಂಜೆ ಒಬ್ಬರ ಬೆನ್ನಿಗೆ ಒಬ್ಬರು ನಿಲ್ಲುವ ನಮ್ಮ ಸಾಲಿನಲ್ಲಿ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು.

ಒಂದನೆಯದು, ಜ್ವರ ಕೆಮ್ಮು ಇದ್ದವರು ಡೇರಿಗೆ ಬರಬೇಡಿ. ಕ್ಯಾನನ್ನು ಮನೆಯ ಇನ್ನೊಬ್ಬರ ಕೈಲಿ ಕಳಿಸಿ. ಯಾರೂ ಇಲ್ಲದಿದ್ದರೆ ಪಕ್ಕದ ಮನೆಯವರು ತಂದು ಹಾಕಲಿ, ಅದಕ್ಕೇ ಅಲ್ಲವೇ ಸಹಕಾರ ಅನ್ನೋದು?

ಎರಡನೆಯದು, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಜ್ವರ ಬಂದರೆ ಆಶಾ ಕಾರ್ಯಕರ್ತೆಗೆ ಹೇಳಿ. ಆಕೆ ಬರೆದುಕೊಳ್ಳೋಕೆ ಬಂದಾಗ "ಏನಿಲ್ಲ ಕಣಮ್ಮ, ಎಲ್ಲ ಚೆನ್ನಾಗಿದ್ದೀವಿ" ಅಂತ ಕಳಿಸಬೇಡಿ.

ಮೂರನೆಯದು, ಏದುಸಿರು, ಎದೆನೋವು, ಕಫದಲ್ಲಿ ರಕ್ತ, ಮಂಪರು, ತುಟಿ ಉಗುರು ನೀಲಿಗಟ್ಟುವುದು, ಮಗು ಹಾಲು ಕುಡಿಯದಿರುವುದು, ಇವು ಕಂಡರೆ ಒಂದು ಹೊತ್ತೂ ಕಾಯದೆ ಆಸ್ಪತ್ರೆಗೆ ಹೋಗಿ. ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ, ವೈರಸ್ಸಿಗೆ ಅದು ನಾಟೋದಿಲ್ಲ. ಆಸ್ಪತ್ರೆ ಸೇರಿದ ಮೇಲೆ "ಗಂಟಲ ದ್ರವ ಪರೀಕ್ಷೆ ಬೇಕಾಗುತ್ತದೆಯೇ ಸಾರ್" ಅಂತ ವಿನಯದಿಂದಲೇ ಕೇಳಿ.

ನಾಲ್ಕನೆಯದು, ಲಸಿಕೆ. ಇದು ಮಕ್ಕಳ ಉಚಿತ ಲಸಿಕೆ ಪಟ್ಟಿಯಲ್ಲಿ ಇಲ್ಲ. ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಬಸುರಿಯರು ಇದ್ದರೆ ಕಾಲ ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ ತೀರ್ಮಾನ ಮಾಡಿ.

ಐದನೆಯದು, ಹೇಳೋಕೆ ಕಷ್ಟದ ಮಾತು. ಮನೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಣಿ ಮಾಡಿಸಿ. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿ ಆ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ, ಅದು ಸರ್ಕಾರಿಯಾಗಲಿ ಖಾಸಗಿಯಾಗಲಿ, ಸಾವಿನ ಕಾರಣದ ಪ್ರಮಾಣ ಪತ್ರವನ್ನು ಶುಲ್ಕವಿಲ್ಲದೆ ನೋಂದಣಾಧಿಕಾರಿಗೆ ಕಳಿಸಬೇಕು, ಹತ್ತಿರದ ಸಂಬಂಧಿಗೂ ಒಂದು ಪ್ರತಿ ಕೊಡಬೇಕು. ಮನೆಯಲ್ಲಿ ತೀರಿಕೊಂಡರೂ ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ವೈದ್ಯರು ಕಾರಣ ಬರೆದುಕೊಡಬೇಕು. ಇದು ನಮ್ಮ ಹಕ್ಕು. ದುಃಖದಲ್ಲಿರುವ ಮನೆಯವರಿಗೆ ಇದು ನೆನಪಾಗೋದಿಲ್ಲ. ಹೆಗಲು ಕೊಡೋಕೆ ಹೋದ ನಮ್ಮಲ್ಲೊಬ್ಬರು ಆ ಕಾಗದವನ್ನೂ ಕೇಳಿ ತರಬೇಕು. ಜ್ವರ ಕೆಮ್ಮು ಎಷ್ಟು ದಿನ ಇತ್ತು ಅಂತ ಡಾಕ್ಟರಿಗೆ ಹೇಳಬೇಕು.

ಆಡಳಿತ ಮಂಡಳಿಯಲ್ಲೂ ನನ್ನ ಕೋರಿಕೆ ಒಂದಿದೆ. ಜ್ವರದ ಕಾಲದಲ್ಲಿ ಸಾಲಿನಲ್ಲಿ ಅಂತರ ಇರಿಸೋದು, ಪರೀಕ್ಷಕರಿಗೆ ಮಾಸ್ಕ್ ಕೊಡೋದು, ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಹಾಲಿನ ದರಪಟ್ಟಿಯ ಪಕ್ಕದಲ್ಲೇ ಬರೆಸೋದು, ಇವು ಮೂರೂ ಮುಂದಿನ ಸಭೆಯಲ್ಲಿ ತೀರ್ಮಾನವಾಗಲಿ. ಯಾರ ಮನೆಯಲ್ಲಿ ಜ್ವರ ಅನ್ನೋ ಹೆಸರು ಮಾತ್ರ ಬೋರ್ಡಿಗೆ ಬರಕೂಡದು. ಸಂಖ್ಯೆ ಎಲ್ಲರದು, ಹೆಸರು ಆ ಮನೆಯವರದು.

ಇಪ್ಪತ್ತೈದು ವರ್ಷದಿಂದ ನಮ್ಮ ಸಂಘ ಒಂದು ಹೊತ್ತಿನ ಹಾಲನ್ನೂ ಬರೆಯದೆ ಬಿಟ್ಟಿಲ್ಲ. ಅರ್ಧ ಲೀಟರ್ ತಂದ ಅಜ್ಜಿಗೂ ಪುಸ್ತಕದಲ್ಲಿ ಒಂದು ಸಾಲು ಇದೆ. ಆ ಪುಸ್ತಕದ ಮೇಲೆ ನಂಬಿಕೆ ಇರೋದರಿಂದಲೇ ಬಟವಾಡೆ ದಿನ ಜಗಳ ಇಲ್ಲ. ಊರಿನ ಜ್ವರಕ್ಕೂ ಸಾವಿಗೂ ಅದೇ ಶ್ರದ್ಧೆಯಿಂದ ಒಂದು ಸಾಲು ಸಿಗಲಿ ಅನ್ನೋದೇ ನನ್ನ ಆಸೆ.



ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.